ಜೀಪಿನ ಹೆಡ್ ಕೊಳ್ಳುವ ಮುನ್ನ

ಮಳೆ ಬಿಟ್ಟಿತು, ಕೊಡಗಿನ ತೋಟದ ಶೆಡ್ಡುಗಳಲ್ಲಿ ಹಳೇ ಪೆಟ್ರೋಲ್ ಜೀಪುಗಳ ರಿಪೇರಿ ಶುರು. ಗುಜರಿಯಿಂದ ಹೆಡ್ (ಎಂಜಿನ್ ಬ್ಲಾಕಿನ ಮೇಲೆ ಕೂರುವ ಮುಚ್ಚಳದ ಭಾಗ) ತರುವವರು ಗಮನಿಸಿ: ಜೀಪ್ ಕಂಪನಿ ವಿಲ್ಲಿಸ್‌ನ ಎಲ್-ಹೆಡ್, ಎಫ್-ಹೆಡ್ ಎರಡೂ 134 ಘನ ಇಂಚಿನ ಎಂಜಿನ್ನೇ, ಆದರೆ ಒಂದರ ಹೆಡ್ ಇನ್ನೊಂದಕ್ಕೆ ಕೂರುವುದಿಲ್ಲ. ಎಲ್-ಹೆಡ್ ಬರೀ ಚಪ್ಪಟೆ, ವಾಲ್ವ್ ಎಲ್ಲ ಬ್ಲಾಕಿನಲ್ಲಿ. ಎಫ್-ಹೆಡ್ಡಿಗೆ ಮೇಲೆ ರಾಕರ್ ಕವರ್, ಅಂದರೆ ವಾಲ್ವ್ ಒತ್ತುವ ಸನ್ನೆಗಳ ಮುಚ್ಚಳ, ಇರುತ್ತದೆ. ಇನ್‌ಟೇಕ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ, ಕಾರ್ಬುರೇಟರ್ ಕೂರುವುದೂ ಹೆಡ್ಡಿನ ಮೇಲೇ.

ಎಫ್-ಹೆಡ್ ಬಿಚ್ಚುವಾಗ ಕಾರ್ಬುರೇಟರ್ ಅಡಿಯ ತೂತಿನೊಳಗೆ ಒಂದು ಬೋಲ್ಟ್ ಅಡಗಿರುತ್ತದೆ. ಅದನ್ನು ಮರೆತು ಮೀಟಿದರೆ ಹೆಡ್ ಸೀಳಬಹುದು. ಅಷ್ಟು ವರ್ಷ ಏರು ಹತ್ತಿಸಿದ ಕಬ್ಬಿಣ ಒಂದು ಅವಸರಕ್ಕೆ ಹೋದರೆ ಹೊಟ್ಟೆ ಉರಿಯುತ್ತದೆ. ಕೊಳ್ಳುವ ಮೊದಲು ಹೊಸ ಗ್ಯಾಸ್ಕೆಟ್ (ಹೆಡ್, ಬ್ಲಾಕ್ ನಡುವಿನ ಸೋರದ ಹಾಳೆ) ಹೆಡ್ಡಿನ ಮೇಲಿಟ್ಟು ನೀರಿನ ತೂತುಗಳನ್ನು ತಾಳೆ ನೋಡಿ. ಬೋಲ್ಟ್ ಬಿಗಿಯುವುದು ನಡುವಿನಿಂದ ಹೊರಕ್ಕೆ, ಎಫ್-ಹೆಡ್ಡಿಗೆ ಟಾರ್ಕ್ (ತಿರುಗಿಸುವ ಬಲ) 60-70 ಅಡಿ-ಪೌಂಡ್.