ಮಾಡ್ಯೂಲೋ ಲ್ಯಾಪ್‌ಟಾಪೋ ಅಂತ ಕೇಳುವ ಕೀಬೋರ್ಡ್ ವಾದಕರಿಗೆ

"ಟೂರ್‌ಗೆ ಸೌಂಡ್ ಮಾಡ್ಯೂಲ್ ತಗೊಳ್ಲಾ, ಲ್ಯಾಪ್‌ಟಾಪಲ್ಲೇ ಸಾಫ್ಟ್‌ವೇರ್ ಸಿಂತ್ ಹಾಕ್ಕೊಳ್ಲಾ? ಯಾವುದು ಒಳ್ಳೇದು?" ಮಾಡ್ಯೂಲ್ ಅಂದರೆ ಕೀಲಿಗಳಿಲ್ಲದ, ಸೌಂಡುಗಳಷ್ಟೇ ಇರುವ ಪೆಟ್ಟಿಗೆ; ಸಾಫ್ಟ್‌ವೇರ್ ಸಿಂತ್ ಅದೇ ಕೆಲಸ ಮಾಡುವ ಪ್ರೋಗ್ರಾಂ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಹತ್ತು ಹದಿನೈದು ಸೌಂಡಿನಲ್ಲಿ ಇಡೀ ಕಾರ್ಯಕ್ರಮ ಮುಗಿಯುವುದಾದರೆ ಮಾಡ್ಯೂಲ್. ರೆಕಾರ್ಡಿಂಗಿನಲ್ಲಿ ಬಳಸಿದ ಸೌಂಡೇ ವೇದಿಕೆಯಲ್ಲೂ ಬೇಕಾದರೆ ಲ್ಯಾಪ್‌ಟಾಪ್, ಅದೂ ಒಂದಲ್ಲ, ಎರಡು. ಉತ್ತರ ಇಷ್ಟೇ.

ಆದರೆ ಇಷ್ಟಕ್ಕೆ ಯಾರೂ ಬಿಡುವುದಿಲ್ಲ. "ಲ್ಯಾಪ್‌ಟಾಪಲ್ಲಿ ಲೇಟೆನ್ಸಿ ಇರತ್ತಲ್ವಾ?" ಅನ್ನುತ್ತಾರೆ, ಮಾಡ್ಯೂಲಿನಲ್ಲಿ ಇಲ್ಲವೇ ಇಲ್ಲ ಎಂಬಂತೆ. ಲೇಟೆನ್ಸಿ ಅಂದರೆ ಕೀಲಿ ಒತ್ತಿದ ಮೇಲೆ ಸೌಂಡ್ ಬರುವವರೆಗಿನ ವಿಳಂಬ. ಲೆಕ್ಕ ಹಾಕಿ ನೋಡಿ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಲೆಕ್ಕ ಹಾಕುವ ಸೌಂಡಿನ ತುಣುಕು) ಅಂದರೆ 2.7 ಮಿಲಿಸೆಕೆಂಡ್. ಡ್ರೈವರ್, ಕನ್ವರ್ಟರ್ ಪಾಲು ಅದರ ಮೇಲೆ ಸೇರುತ್ತದೆ. ಅತ್ತ, 1983ರಲ್ಲಿ ಬಂದ ಐದು ಪಿನ್ನಿನ ಮಿಡಿ ಕೇಬಲ್ಲಿನ (ಯಾವ ಕೀಲಿ ಒತ್ತಿದಿರಿ ಎಂದು ಕೀಬೋರ್ಡಿನಿಂದ ಮಾಡ್ಯೂಲಿಗೆ ತಿಳಿಸುವ ಕೇಬಲ್) ವೇಗ ಸೆಕೆಂಡಿಗೆ 31,250 ಬಿಟ್. ಒಂದು ನೋಟ್ ದಾಟಲು ಸುಮಾರು 1 ಮಿಲಿಸೆಕೆಂಡ್ ಬೇಕು. ಹತ್ತೂ ಬೆರಳಿನಿಂದ ಒಟ್ಟಿಗೇ ಹತ್ತು ನೋಟ್ ಒತ್ತಿದರೆ ಕೊನೆಯ ನೋಟ್ ಮಾಡ್ಯೂಲ್ ತಲುಪುವಷ್ಟರಲ್ಲಿ ಹೆಚ್ಚುಕಮ್ಮಿ 10 ಮಿಲಿಸೆಕೆಂಡ್. ರನ್ನಿಂಗ್ ಸ್ಟೇಟಸ್ (ಪ್ರತಿ ನೋಟಿಗೂ ಮೊದಲ ಬೈಟನ್ನು ಮತ್ತೆ ಕಳಿಸದ ಮಿಡಿ ಉಪಾಯ) ಇದ್ದರೆ 7ರ ಹತ್ತಿರ. ಮಾನಿಟರ್ ಸ್ಪೀಕರಿನಿಂದ ಮೂರು ಮೀಟರ್ ದೂರ ಕೂತರೂ ಸರಿಸುಮಾರು 9 ಮಿಲಿಸೆಕೆಂಡ್ ಗಾಳಿಯಲ್ಲೇ ಹೋಗುತ್ತದೆ. ಅದರ ಬಗ್ಗೆ ಯಾರೂ ಪ್ರಶ್ನಿಸುವುದಿಲ್ಲ! ನಿಜವಾದ ತೊಂದರೆ ಬೇರೆ: ಲೇಟೆನ್ಸಿಗೆ ಹೆದರಿ ಬಫರನ್ನು 64ಕ್ಕೆ ಇಳಿಸುತ್ತಾರೆ, 1.3 ಮಿಲಿಸೆಕೆಂಡಿನೊಳಗೆ ಪ್ರೊಸೆಸರ್‌ಗೆ ಲೆಕ್ಕ ಮುಗಿಸಲಾಗದೆ ಸ್ಪೀಕರಿನಲ್ಲಿ ಚಟಪಟ ಶುರುವಾಗುತ್ತದೆ. 128 ಇಡಿ. ಆಗಲೂ ಚಟಪಟ ಬಂದರೆ 256.

"ಸೌಂಡ್ ಯಾವುದರದ್ದು ಚೆನ್ನಾಗಿದೆ" ಅನ್ನುವುದು ಇನ್ನೊಂದು. ಮನೆಯ ಹೆಡ್‌ಫೋನಿನಲ್ಲಿ ಸಾಫ್ಟ್‌ವೇರ್ ಪಿಯಾನೊ ಗೆಲ್ಲುತ್ತದೆ, ಒಪ್ಪಿದೆ. ಡ್ರಮ್ಸ್, ಬೇಸ್, ಎರಡು ಗಿಟಾರ್ ನಡುವೆ ಅದರ ಪೆಡಲ್ ಅನುರಣನವಾಗಲಿ, ಮೆಲ್ಲಗೆ ಒತ್ತಿದ ಕೀಲಿಯ ಸೂಕ್ಷ್ಮವಾಗಲಿ ಕೇಳಿಸುವುದೇ ಇಲ್ಲ. 1994ರ ರೋಲ್ಯಾಂಡ್ ಜೆವಿ-1080 ಮಾಡ್ಯೂಲಿನ ಸ್ಟ್ರಿಂಗ್ಸ್ ಅಲ್ಲಿ ಈಗಲೂ ಸಲೀಸಾಗಿ ಎದ್ದು ಕೇಳುತ್ತದೆ.

ಕೇಳಬೇಕಾದದ್ದನ್ನು ಮಾತ್ರ ಯಾರೂ ಕೇಳುವುದಿಲ್ಲ: ಹಾಡಿನ ನಡುವೆ ಸೌಂಡ್ ನಿಂತರೆ ಎಷ್ಟು ಸೆಕೆಂಡಿನಲ್ಲಿ ವಾಪಸ್ ಬರುತ್ತದೆ?

ಮಾಡ್ಯೂಲನ್ನು ಆಫ್ ಮಾಡಿ ಆನ್ ಮಾಡಿದರೆ ಸಾಮಾನ್ಯವಾಗಿ ಬೇಗ ಏಳುತ್ತದೆ. ರೋಲ್ಯಾಂಡಿನ ಇಂಟೆಗ್ರಾ-7 ಮಾಡ್ಯೂಲಿನಂಥದ್ದಾದರೆ ಎಕ್ಸ್‌ಪಾನ್ಷನ್ ಸೌಂಡುಗಳು ಮತ್ತೆ ಲೋಡ್ ಆಗಬೇಕು, ಅಲ್ಲಿ ಕಾಯಬೇಕಾಗುತ್ತದೆ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಆಗಿ, ಮೇನ್‌ಸ್ಟೇಜ್ (ವೇದಿಕೆಯಲ್ಲಿ ಸಾಫ್ಟ್‌ವೇರ್ ವಾದ್ಯ ನುಡಿಸಲು ಬಳಸುವ ಪ್ರೋಗ್ರಾಂ) ತೆರೆದು, ರೆಕಾರ್ಡ್ ಮಾಡಿಟ್ಟ ಸೌಂಡಿನ ಸ್ಯಾಂಪಲ್‌ಗಳೆಲ್ಲ ಮೆಮೊರಿಗೆ ಬರುವಷ್ಟರಲ್ಲಿ ಹಾಡೇ ಮುಗಿದಿರುತ್ತದೆ. ಹಾಗಾಗಿ ಸೌಂಡೇ ಇಲ್ಲದ ಬರೀ ಕಂಟ್ರೋಲರ್ ಕೀಬೋರ್ಡ್ ಹೊತ್ತುಕೊಂಡು ಲ್ಯಾಪ್‌ಟಾಪ್ ನಂಬಿ ಹೊರಡಬೇಡಿ. ಒಳಗೇ ಪಿಯಾನೊ, ಪ್ಯಾಡ್ ಇರುವ ಕೀಬೋರ್ಡ್ ಒಯ್ಯಿರಿ, ಅದರ ಔಟ್‌ಪುಟ್ಟನ್ನು ಮಿಕ್ಸರಿನ ಬೇರೆ ಚಾನೆಲ್ಲಿಗೆ ಕೊಡಿ. ಎರಡು ಲ್ಯಾಪ್‌ಟಾಪ್ ಇಟ್ಟುಕೊಳ್ಳುವವರಿಗೆ ಐಕನೆಕ್ಟಿವಿಟಿ ಪ್ಲೇಆಡಿಯೋ12ರಂಥ ಇಂಟರ್‌ಫೇಸ್ (ಲ್ಯಾಪ್‌ಟಾಪಿನ ಸೌಂಡನ್ನು ಮಿಕ್ಸರಿಗೆ ಕೊಡುವ ಪೆಟ್ಟಿಗೆ) ಇದೆ. ಮೊದಲ ಲ್ಯಾಪ್‌ಟಾಪ್ ಒಂದು ಚಾನೆಲ್ಲಿನಲ್ಲಿ ಸದಾ ಒಂದು ಟೋನ್ ಕಳಿಸುತ್ತಿರುತ್ತದೆ. ಅದು ನಿಂತ ತಕ್ಷಣ ಇಂಟರ್‌ಫೇಸ್ ಎರಡನೆಯದಕ್ಕೆ ಬದಲಾಗುತ್ತದೆ. ಕೀಬೋರ್ಡಿನ ಮಿಡಿ ಮಾತ್ರ ಎರಡಕ್ಕೂ ಒಟ್ಟಿಗೇ ಹೋಗುತ್ತಿರಬೇಕು.

ಕೈಕೊಡುವುದು ಹೆಚ್ಚಾಗಿ ಸಣ್ಣ ಸಂಗತಿಗಳೇ. ಯುಎಸ್‌ಬಿ ಪ್ಲಗ್ಗಿಗೆ ಲಾಕ್ ಇಲ್ಲ, ಕೇಬಲ್ಲನ್ನು ಸ್ವಲ್ಪ ಸಡಿಲ ಬಿಟ್ಟು ಸ್ಟ್ಯಾಂಡಿಗೆ ಕಟ್ಟಿ. ಚಾರ್ಜರ್ ಹಾಕಿದೊಡನೆ ಗುಂಯ್ ಅಂದರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ದಾರಿಯಲ್ಲಿ ಅರ್ಥ್ ಆಗಿರುವುದು. ಡಿಐ ಬಾಕ್ಸಿನ (ವಾದ್ಯದ ಸಿಗ್ನಲ್ಲನ್ನು ಮಿಕ್ಸರಿಗೆ ತಲುಪಿಸುವ ಪುಟ್ಟ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಬಟನ್ ಒತ್ತಿ, ಪ್ಲಗ್ಗಿನ ಅರ್ಥ್ ಪಿನ್ ಯಾವತ್ತೂ ಕಿತ್ತುಹಾಕಬೇಡಿ, ಜೀವಕ್ಕೇ ಅಪಾಯ. ಸಾಫ್ಟ್‌ವೇರ್ 44.1 ಕಿಲೋಹರ್ಟ್ಸ್ ಅಂದುಕೊಂಡು ಇಂಟರ್‌ಫೇಸ್ 48ರಲ್ಲಿ ಓಡಿದರೆ ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ ಮೇಲೇರುತ್ತದೆ. ಆಟೋ ಅಪ್‌ಡೇಟ್, ವೈಫೈ ಆಫ್ ಮಾಡಿ, ಹೊರಡುವ ಮುಂಚೆ ಇಂಟರ್ನೆಟ್ ಇಲ್ಲದೆ ಪ್ರತಿ ಪ್ಲಗಿನ್ (ಸಾಫ್ಟ್‌ವೇರ್ ವಾದ್ಯ) ತೆರೆದು ನೋಡಿ. ಲೈಸೆನ್ಸ್ ಕೇಳುವುದಿದ್ದರೆ ಮನೆಯಲ್ಲೇ ಕೇಳಲಿ.

ಮಾಡ್ಯೂಲಿನವರೂ ನೆಮ್ಮದಿಯಾಗಿ ಕೂರುವಂತಿಲ್ಲ. ಜೆವಿ-1080ರಂಥ ಹಳೆಯದರಲ್ಲಿ ಸಿಆರ್2032 ಬ್ಯಾಟರಿ ಸತ್ತರೆ ನೀವು ಮಾಡಿಟ್ಟ ಪ್ಯಾಚ್‌ಗಳೆಲ್ಲ (ಸೌಂಡಿನ ಸೆಟ್ಟಿಂಗ್‌ಗಳು) ಹೋದವು, ಸಿಸೆಕ್ಸ್ ಡಂಪ್ (ಮಿಡಿ ಮೂಲಕ ಪ್ಯಾಚ್‌ಗಳ ಪ್ರತಿ) ತೆಗೆದಿಟ್ಟು ಬ್ಯಾಟರಿ ಬದಲಾಯಿಸಿ. ನುಡಿಸುವಾಗ ಮಿಡಿ ಕೇಬಲ್ ಕಳಚಿದರೆ ನೋಟ್ ನಿಲ್ಲದೆ ಕೂಗುತ್ತಲೇ ಇರಬಹುದು. ಕೇಬಲ್ ಮತ್ತೆ ಸಿಕ್ಕಿಸಿ, ಆಲ್ ನೋಟ್ಸ್ ಆಫ್, ಅಂದರೆ ಸಿಸಿ 123 ಎಂಬ ಮಿಡಿ ಸಂದೇಶ, ಕಳಿಸಿ. ಸಸ್ಟೇನ್ ಪೆಡಲ್ ಒತ್ತಿದ್ದಾಗ ಕಳಚಿದ್ದರೆ ಅದೊಂದೇ ಸಾಲದು, ಪೆಡಲಿನ ಸಂದೇಶವಾದ ಸಿಸಿ 64ಕ್ಕೆ ಸೊನ್ನೆಯನ್ನೂ ಕಳಿಸಬೇಕು. ಎರಡನ್ನೂ ಒಂದೇ ಬಟನ್ನಿಗೆ ಹಾಕಿಟ್ಟುಕೊಳ್ಳಿ.

ಯಾವುದನ್ನೇ ಆರಿಸಿ, ರಿಹರ್ಸಲ್ಲಿನಲ್ಲಿ ಯಾರಿಗಾದರೂ ಹೇಳಿ, ನಿಮಗೆ ಗೊತ್ತಾಗದ ಹಾಗೆ ಹಾಡಿನ ನಡುವೆ ಕೇಬಲ್ ಎಳೆಯಲಿ. ಸೌಂಡ್ ವಾಪಸ್ ಬರುವವರೆಗೆ ಸೆಕೆಂಡ್ ಎಣಿಸಿ. ಐದು ದಾಟಿದರೆ ಬದಲಿ ಚಾನೆಲ್ಲಿನ ಫೇಡರ್ ಎಲ್ಲಿದೆ ಎಂದು ಸೌಂಡ್ ಇಂಜಿನಿಯರ್‌ಗೆ ತೋರಿಸಿ, ಮತ್ತೊಮ್ಮೆ ಎಳೆಸಿ.