ಗೋಡೆಯ ಮೇಲಿನ ನಾಯಿ

“ಮೇಷ್ಟ್ರೇ, ಈ ನಾಯಿ ಬಾಡಿಗೆ ಕೊಡುತ್ತದೆಯೇ?” ಗೋಡೆಯ ಮೇಲಿನ ಹಳೆಯ ಚಿತ್ರವನ್ನು ಉಳಿಸಿ ಎಂದದ್ದಕ್ಕೆ ಸಾಹುಕಾರರು ಹೀಗೆ ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ.

ಮಂಡಿಪೇಟೆಯಲ್ಲಿರುವ ಅವರ ಹಳೆಯ ಅಂಗಡಿಯನ್ನು ಕೆಡವುವ ಕೆಲಸ ಈ ವಾರ ಶುರುವಾಗಿದೆ. ಸುಣ್ಣದ ಪದರ ಉದುರಿದ ಕಡೆ ಗಾರೆಯ ಮೇಲೆ ಯಾವತ್ತೋ ಬರೆಸಿದ್ದ ಎಚ್.ಎಂ.ವಿ. ಗ್ರಾಮಾಫೋನ್ ಕಂಪನಿಯ ಜಾಹೀರಾತು ಕಾಣಿಸಿಕೊಂಡಿತ್ತು. ಗ್ರಾಮಾಫೋನಿನ ಕಹಳೆ, ಅದರ ಎದುರು ಕತ್ತು ಓರೆ ಮಾಡಿ ಕುಳಿತ ನಾಯಿಯ ಒಂದು ಕಿವಿ, ಅರ್ಧ ಮೂತಿ. ಪಕ್ಕದಲ್ಲಿ ಸಾಗುವಾನಿಯ ಗೂಡು. ಹಾಡಿನ ಅರಗಿನ ಪ್ಲೇಟುಗಳನ್ನು ಮಲಗಿಸಿದರೆ ಬಾಗುತ್ತವೆಂದು ನಿಲ್ಲಿಸಿಡಲು ಮಾಡಿಸಿದ್ದ ಕಿರಿದಾದ ಸಂದುಗಳು. ಕೆಳಗಿನ ಖಾನೆಯಲ್ಲಿ ತುಕ್ಕು ತಿಂದ ಸೂಜಿ ಡಬ್ಬಿ. ಪ್ಲೇಟಿನ ಒಂದು ಬದಿ ಮುಗಿದರೆ ಸೂಜಿ ಬದಲಿಸಬೇಕಿತ್ತು, ಇಲ್ಲವಾದರೆ ಪ್ಲೇಟೇ ಸವೆಯುತ್ತಿತ್ತು.

ಸಾಹುಕಾರರು ಕೆಟ್ಟವರಲ್ಲ. ನನ್ನನ್ನು ಕೂರಿಸಿ ಚಹಾ ತರಿಸಿದರು. ಅವರ ಮಗ ಮಾತ್ರ ಮೊಬೈಲಿನಿಂದ ತಲೆ ಎತ್ತದೆ, “ಫೋಟೋ ತೆಗೆದುಕೊಂಡಿರಲ್ಲ, ಇನ್ನೇನು ಬೇಕು?” ಎಂದ. ತಂದೆಯ ಪ್ರಶ್ನೆಗಿಂತ ಇದು ಹೆಚ್ಚು ನೋಯಿಸಿತು. ತಂದೆಗೆ ಲೆಕ್ಕವಾದರೂ ಇದೆ.

ಆ ಲೆಕ್ಕಕ್ಕೆ ಉತ್ತರವೂ ಇದೆ. ಅಮೆರಿಕದ ಕ್ಯಾಮ್ಡೆನ್‌ನಲ್ಲಿ ಗ್ರಾಮಾಫೋನ್ ಮಾಡುತ್ತಿದ್ದ ವಿಕ್ಟರ್ ಕಂಪನಿಯ ಹಳೆಯ ಕಾರ್ಖಾನೆಯ ಗೋಪುರದಲ್ಲಿ ಬಣ್ಣದ ಗಾಜಿನ ಮೇಲೆ ಇದೇ ನಾಯಿ ಇಂದಿಗೂ ಕುಳಿತಿದೆ. ಕೆಳಗಿನ ಮಹಡಿಗಳಲ್ಲಿ ಜನ ಬಾಡಿಗೆ ಕೊಟ್ಟು ವಾಸವಿದ್ದಾರೆ. ಲಂಡನ್ ಬಳಿಯ ಹೇಯ್ಸ್‌ನಲ್ಲಿ ಗಾಯಕಿ ನೆಲ್ಲಿ ಮೆಲ್ಬಾ 1907ರಲ್ಲಿ ಅಡಿಗಲ್ಲು ಹಾಕಿದ ಗ್ರಾಮಾಫೋನ್ ಕಾರ್ಖಾನೆಯ ಆವರಣದಲ್ಲಿ ಈಗ ಮನೆಗಳಿವೆ, ಕಚೇರಿಗಳಿವೆ. ಅಲ್ಲಿ ನಾಯಿ ಬಾಡಿಗೆ ಕೊಡುತ್ತಿದೆ! ಹೀಗೆಂದೆ. “ಅದು ಅಮೆರಿಕ” ಎಂದು ಸಾಹುಕಾರರು ಮಾತು ಮುಗಿಸಿದರು.

ಆದರೆ ಬಾಡಿಗೆಯೇ ಬಾರದಿದ್ದರೂ ಇವನ್ನು ಉಳಿಸಬೇಕು ಎನ್ನುವವನು ನಾನು. 1925ರ ಸುಮಾರಿಗೆ ಮೈಕ್ ಬರುವವರೆಗೆ ಧ್ವನಿ ಮುದ್ರಣಕ್ಕೆ ಹಾಡುವವರು ಕಹಳೆಯ ಬಾಯಿಗೇ ಹಾಡಬೇಕಿತ್ತು, ಜೋರಾಗಿ ಊದುವವರು ಹಿಂದೆ ಸರಿದು ನಿಲ್ಲಬೇಕಿತ್ತು. ಕೋಣೆಯ ಅಳತೆಯೂ ಪ್ಲೇಟಿನೊಳಗೆ ಸೇರಿದೆ. 1923ರಲ್ಲಿ ಜಾಜ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಮೊದಲ ಬಾರಿಗೆ ಧ್ವನಿ ಮುದ್ರಿಸಿದ ಅಮೆರಿಕದ ರಿಚ್ಮಂಡ್ ಊರಿನ ಗೆನೆಟ್ ಕಂಪನಿಯ ಸ್ಟುಡಿಯೋ ರೈಲು ಹಳಿಯ ಪಕ್ಕದಲ್ಲಿತ್ತು. ರೈಲು ಬಂದರೆ ಕೆಲಸ ನಿಲ್ಲುತ್ತಿತ್ತು. ಆ ಸ್ಟುಡಿಯೋ ಹೋಯಿತು. ಅದೇ ಆವರಣದ ಪಿಯಾನೋ ಕಾರ್ಖಾನೆಯಲ್ಲಿ ಉಳಿದ ಒಂದು ಭಾಗಕ್ಕೆ ಸೂರು ಹಾಕಿ ರಿಚ್ಮಂಡ್ ಊರಿನವರು ಸಂಗೀತ ಕಾರ್ಯಕ್ರಮ ನಡೆಸುತ್ತಾರೆ.

ನಮ್ಮ ಊರಿನಲ್ಲಿ ಹಾಡು ಮುದ್ರಿಸಿದ ಕೋಣೆಗಳಿರಲಿಲ್ಲ, ಹಾಡು ಬಂದು ಇಳಿದ ಅಂಗಡಿಗಳಿದ್ದವು. ಮನೆಗೆ ಯಂತ್ರ ಕೊಳ್ಳಲಾಗದವರು ಇಂಥ ಅಂಗಡಿಗಳ ಕಟ್ಟೆಯಲ್ಲಿ ನಿಂತೇ ಕೇಳಿದರು. 1902ರಲ್ಲಿ ಕಲ್ಕತ್ತೆಯಲ್ಲಿ ಕಹಳೆಗೆ ಹಾಡಿದ ಗೌಹರ್ ಜಾನ್ 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ. ಅವರ ಪ್ಲೇಟೂ ಈ ಗೂಡಿನಲ್ಲಿ ನಿಂತಿದ್ದೀತು. ಕೇಳಿದವರ ಹೆಸರು ಎಲ್ಲೂ ಬರೆದಿಲ್ಲ. ಅವರು ನಿಂತ ಜಾಗವೊಂದೇ ಅವರ ಗುರುತು, ಅದು ಫೋಟೋದಲ್ಲಿ ಬರುವುದಿಲ್ಲ.

ಹೊಸ ನಕ್ಷೆಯನ್ನು ನೋಡಿದ್ದೇನೆ. ನಾಯಿ ಇರುವ ಗೋಡೆ ಮೆಟ್ಟಿಲಿನ ಪಕ್ಕಕ್ಕೇ ಬರುತ್ತದೆ. ಅದೊಂದನ್ನು ಬಿಡಲಿ, ಗೂಡನ್ನು ಬಡಗಿಯಿಂದ ನಾಜೂಕಾಗಿ ಬಿಚ್ಚಿಸಲಿ ಎಂದು ನಾಳೆ ಮತ್ತೆ ಕೇಳುತ್ತೇನೆ. ಮಿಕ್ಕಿದ್ದನ್ನೆಲ್ಲ ಅವರಿಗೆ ಬೇಕಾದಂತೆ ಕಟ್ಟಿಕೊಳ್ಳಲಿ.