ತಿಂಗಳಿಲ್ಲದ ಹಬ್ಬ

ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ ನನ್ನ ಬ್ಯಾಗು ಬಿಚ್ಚಿಸಿದರು. ಜೋಳದ ಹಿಟ್ಟು, ಗುರೆಳ್ಳು ಚಟ್ನಿಪುಡಿ, ಶೇಂಗಾ ಚಟ್ನಿಪುಡಿ ಎಲ್ಲ ತಿರುವಿ ತಿರುವಿ ನೋಡಿ ವಾಪಸ್ಸು ಕೊಟ್ಟರು. ಕೊನೆಗೆ ತಳದಲ್ಲಿ ಹಳೇ ಲಗ್ನಪತ್ರಿಕೆಯ ಲಕೋಟೆ ಸಿಕ್ಕಿತು. ಅದರೊಳಗೆ ಅವ್ವ ಒಣಗಿಸಿ ಇಟ್ಟಿದ್ದ ಬೇವಿನ ಹೂ. ಗಿಡ, ಬೀಜ, ಹೂವಿನ ವಿಷಯದಲ್ಲಿ ಈ ದೇಶ ಬಹಳ ಬಿಗಿ. ಫಾರ್ಮಿನಲ್ಲಿ ನಾನೇ ಮೊದಲು ಬರೆದಿದ್ದೆ, ಹಾಗಾಗಿ ದಂಡ ತಪ್ಪಿತು. ‘ಏನಿದು, ಚಹಾನಾ?’ ಅಂದ ಅಧಿಕಾರಿ. ಹೊಸ ವರ್ಷದ ದಿನ ಕುಡಿಯುತ್ತೇವೆ ಅಂದೆ. ಅದು ಜೂನ್ ತಿಂಗಳು. ಅವನು ನನ್ನ ಮುಖ ನೋಡಿದ, ಲಕೋಟೆ ಕಸದ ಡಬ್ಬಿಗೆ ಹಾಕಿದ.

ಅದು 2022. ರಾಯಚೂರು ಜಿಲ್ಲೆಯ ನಮ್ಮೂರು ಮುದಗಲ್‌ನಲ್ಲಿ ಮಿರಗದ, ಅಂದರೆ ಮೃಗಶಿರಾ ಮಳೆ ಬಿದ್ದು, ತೊಗರಿ, ಸಜ್ಜೆ ಬಿತ್ತುವ ಗಡಿಬಿಡಿಯಲ್ಲಿ ಊರು ಬಿಟ್ಟೆವು. ಇಳಿದಾಗ ಇಲ್ಲಿ ಚಳಿಗಾಲ. ಮಧ್ಯಾಹ್ನವೇ ಹದಿಮೂರು ಡಿಗ್ರಿ, ಸಂಜೆ ಐದೂವರೆಗೆ ಕತ್ತಲು. ನಮ್ಮ ಮನೆಯವರು ಡೀಸೆಲ್ ಮೆಕ್ಯಾನಿಕ್, ವೀಸಾ ಅವರ ಕೆಲಸದ್ದು. ನನಗೆ ಆಗ 41. ಹದಿನಾಲ್ಕು ವರ್ಷ ಒಂದು ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿಯಾಗಿದ್ದೆ. ಹದಿನಾಲ್ಕು ವರ್ಷ ಇದ್ದವಳು ಎಂಥ ಅತಿಥಿ ಅಂತ ಕೇಳಬೇಡಿ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು, ಹಳೇ ಅಂಕಪಟ್ಟಿಯ ಹೊಸ ಜೆರಾಕ್ಸ್ ಕೊಡಬೇಕು. ಆದ್ದರಿಂದ ಮೊದಲಿನಿಂದ ಶುರು ಮಾಡುವುದು ನನಗೆ ಅಷ್ಟು ಹೊಸದೇನಲ್ಲ. ಇಲ್ಲಿ ವಯಸ್ಸಾದವರ ಆರೈಕೆಗೆ ‘ಸರ್ಟಿಫಿಕೇಟ್ ತ್ರೀ’ ಅಂತ ಒಂದು ಕೋರ್ಸು, ಅದನ್ನು ಮುಗಿಸಿ ವೃದ್ಧಾಶ್ರಮದಲ್ಲಿ ಸೇರಿಕೊಂಡೆ. ಹಳಗನ್ನಡದ ಛಂದಸ್ಸು ಪಾಠ ಮಾಡಿದ ಕೈ ಈಗ ಬೆಡ್‌ಶೀಟ್ ಬದಲಿಸುತ್ತದೆ. ಮೊದಲ ಮೂರು ತಿಂಗಳು ಊರಿನವರಿಗೆ ಯಾರಿಗೂ ಹೇಳಲಿಲ್ಲ, ಅದು ನಿಜ.

ಕೆಲಸಕ್ಕಿಂತ ಹೆಚ್ಚು ಕಾಡಿದ್ದು ಉಗಾದಿ. 2023ರ ಮಾರ್ಚ್ 22. ಕಿಟಕಿಯಾಚೆ ಮರಗಳು ಹಳದಿಗೆ ತಿರುಗುತ್ತಿದ್ದವು, ಫುಟ್‌ಪಾತಿನ ಮೇಲೆ ತರಗೆಲೆ. ಇಂಡಿಯನ್ ಅಂಗಡಿಯ ಬೇವಿನ ಪುಡಿ ತಂದು, ಪುಟಾಣಿ ಹಿಟ್ಟು, ಬೆಲ್ಲ, ಬಾಳೆಹಣ್ಣು, ದ್ರಾಕ್ಷಿ ಹಾಕಿ ನಮ್ಮ ಕಡೆಯ ಬೇವು ಕಲಸಿದೆ. ಬೆಂಗಳೂರಿನವರು ಬೇವು-ಬೆಲ್ಲ ಅಂತ ಚಿಟಿಕೆಯಷ್ಟು ಬಾಯಿಗೆ ಹಾಕಿಕೊಳ್ಳುತ್ತಾರಲ್ಲ, ಅದಲ್ಲ. ನಮ್ಮದು ಲೋಟಗಟ್ಟಲೆ ಕುಡಿಯುವಂಥದ್ದು. ಮಗಳು ಒಂದು ಗುಟುಕು ಕುಡಿದು, ‘ಅವ್ವಾ, ಎಲಿ ಉದುರೋವಾಗ ಹೊಸ ವರ್ಷ ಹೆಂಗಾಕ್ಕೈತಿ?’ ಅಂದಳು. ಉತ್ತರ ಹೊಳೆಯಲಿಲ್ಲ. ನಮ್ಮ ಹಬ್ಬಗಳು ಪ್ರಕೃತಿಯಿಂದ ಹುಟ್ಟಿದವು, ಋತು ಬಿಟ್ಟು ಅವಕ್ಕೆ ಅರ್ಥವಿಲ್ಲ ಅಂತ ಹದಿನಾಲ್ಕು ವರ್ಷ ಹುಡುಗರಿಗೆ ಹೇಳಿದವಳು ನಾನು. ನನ್ನ ಮಾತು ನನಗೇ ತಿರುಗಿ ಬಡಿಯಿತು.

ಬೇಸಿಗೆಯ ಬಗ್ಗೆ ಮಾತ್ರ ದೂರಿಲ್ಲ. ಜನವರಿಯಲ್ಲಿ ಒಂದು ದಿನ ನಲವತ್ತು ಡಿಗ್ರಿ ಮುಟ್ಟಿದಾಗ ಟಿವಿಯಲ್ಲಿ ಎಚ್ಚರಿಕೆ, ಕೆಲಸದ ಕಡೆ ಗಡಿಬಿಡಿ. ನಾನು ಮಧ್ಯಾಹ್ನ ಹಾಸಿಗೆ ಹಾಸಿ ಸುಖವಾಗಿ ನಿದ್ದೆ ಮಾಡಿದೆ. ರಾಯಚೂರಿನವರಿಗೆ ನಲವತ್ತು ಅಂದರೆ ಬಿಸಿಲಿನ ಪೀಠಿಕೆ, ಅಷ್ಟೇ.

ಇಲ್ಲಿನವರು ಕ್ಯಾಲೆಂಡರ್ ನೋಡಿ ಕಾಲ ಬದಲಿಸುತ್ತಾರೆ. ಮಾರ್ಚ್ ಒಂದು ಬಂತೋ ಶರತ್ಕಾಲ, ಜೂನ್ ಒಂದು ಬಂತೋ ಚಳಿಗಾಲ. ನನಗೆ ಇದು ಸರಕಾರಿ ಆದೇಶ ಕಂಡಹಾಗೆ ಕಾಣುತ್ತದೆ. ಆದರೆ ಬಿಳಿಯರು ಬರುವ ಮುಂಚಿನಿಂದ ಈ ನೆಲದಲ್ಲಿರುವ ಕುಲಿನ್ ಜನರದ್ದು ಏಳು ಕಾಲಗಳಂತೆ. ಹಾವುಮೀನು ಕೊಬ್ಬಿ ಸಮುದ್ರದತ್ತ ಇಳಿಯುವುದಕ್ಕೆ ಒಂದು ಕಾಲ, ಗೊದಮೊಟ್ಟೆ ಕಾಣಿಸಿಕೊಳ್ಳುವುದಕ್ಕೆ ಒಂದು, ಹುಲ್ಲು ಹೂ ಬಿಡುವುದಕ್ಕೆ ಒಂದು. ಇದನ್ನು ಓದಿದಾಗ ಅವ್ವನ ನೆನಪಾಯಿತು. ಅವಳಿಗೂ ಜೂನ್, ಜುಲೈ ಗೊತ್ತಿಲ್ಲ. ರೋಹಿಣಿ, ಮಿರಗ, ಆರಿದ್ರಾ ಅಂತ ಹದಿಮೂರು-ಹದಿನಾಲ್ಕು ದಿನಕ್ಕೊಂದು ಮಳೆ ಎಣಿಸುತ್ತಾಳೆ. ನಮ್ಮ ಉಗಾದಿ ಇಲ್ಲಿನ ಹಾವುಮೀನಿನ ಕಾಲಕ್ಕೆ ಬರುತ್ತದೆ ಅಂತ ಫೋನಿನಲ್ಲಿ ಹೇಳಿದೆ. ‘ಅದನ್ನ ತಿಂತಾರೇನ?’ ಅಂತಷ್ಟೇ ಕೇಳಿದಳು.

ಆಮೇಲೆ ಒಂದು ದಿನ ಪಾತ್ರೆ ತೊಳೆಯುತ್ತಾ ಹೊಳೆಯಿತು: ಋತುವಿಗೆ ಕಟ್ಟು ಬೀಳದ ಹಬ್ಬವೊಂದು ನಮ್ಮ ಊರಲ್ಲೇ ಇದೆಯಲ್ಲ!

ಮುದಗಲ್ ಮೊಹರಂ ಗೊತ್ತಿಲ್ಲದವರು ನಮ್ಮ ಸೀಮೆಯಲ್ಲಿ ಇಲ್ಲ. ಹುಸೇನಿ ಆಲಂ ದರ್ಗಾಕ್ಕೆ ಮಹಾರಾಷ್ಟ್ರ, ಆಂಧ್ರದಿಂದಲೂ ಜನ ಬರುತ್ತಾರೆ. ಹಣೆಗೆ ವಿಭೂತಿ ಹಚ್ಚಿಕೊಂಡೇ ಅವ್ವ ಸಕ್ಕರೆ ಓದಿಸಿಕೊಂಡು ಬರುತ್ತಿದ್ದಳು, ಮನೆಯಲ್ಲಿ ಚೊಂಗೆ ಅನ್ನುವ ಸಿಹಿ ಮಾಡುತ್ತಿದ್ದಳು. ಅಣ್ಣನಿಗೆ ಜ್ವರ ಬಿಟ್ಟದ್ದಕ್ಕೆ ಹರಕೆ ಹೊತ್ತು ಒಂದು ವರ್ಷ ಅವನನ್ನು ಫಕೀರ ಮಾಡಿದ್ದರು. 1989ರಲ್ಲಿ ನನಗೆ ಎಂಟು ವರ್ಷ. ಆಗಸ್ಟ್‌ನಲ್ಲಿ ಬಂದಿತ್ತು ಅಲಾಯಿ, ಅಂದರೆ ಬೆಂಕಿಯ ಕುಣಿ ಸುತ್ತ ಹೆಜ್ಜೆ ಹಾಕುವ ಮೊಹರಮ್ಮಿನ ಕುಣಿತ. ಹಸಿ ಕಟ್ಟಿಗೆಯ ಹೊಗೆಗೆ ಕಣ್ಣು ಉರಿದದ್ದು ನೆನಪಿದೆ. 1998ರಲ್ಲಿ ಮೇ ತಿಂಗಳು. ಬಿಸಿಲ ಧಗೆ ಮೇಲೆ, ಕುಣಿಯ ಕೆಂಡ ಕೆಳಗೆ. ಹೆಜ್ಜೆ ಹಾಕುವವರ ಬೆವರು ಧಾರಾಕಾರ. 2007ರ ಹೊತ್ತಿಗೆ ಜನವರಿ, ಜನ ಚಳಿ ಕಾಯಿಸಿಕೊಳ್ಳಲೆಂದೇ ಕುಣಿಯ ಹತ್ತಿರ ಸರಿಯುತ್ತಿದ್ದರು. ಚಾಂದ್ರಮಾನದ ಹನ್ನೆರಡು ತಿಂಗಳು ಸೌರ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಕಡಿಮೆ. ಉಗಾದಿಯನ್ನು ನಾವು ಅಧಿಕ ಮಾಸದ ಗೂಟ ಹೊಡೆದು ಚೈತ್ರದಲ್ಲೇ ಕಟ್ಟಿದ್ದೇವೆ. ಮೊಹರಮ್ಮಿಗೆ ಗೂಟವಿಲ್ಲ, ಹಿಂದಹಿಂದಕ್ಕೆ ಸರಿಯುತ್ತಾ 33 ವರ್ಷಕ್ಕೆ ಒಂದು ಸುತ್ತು ಹಾಕುತ್ತದೆ.

ಹೀಗ್ಯಾಕೆ ಅಂತ ಚಿಕ್ಕವಳಿದ್ದಾಗ ಅವ್ವನನ್ನು ಕೇಳಿದ್ದೆ. ‘ಜಂಗಮ ಒಂದ ಮನ್ಯಾಗ ಉಣ್ತಾನೇನು? ದೇವರೂ ಹಂಗ, ಎಲ್ಲಾ ತಿಂಗಳಿನ ಮನಿಗೂ ಒಂದೊಂದ್ ಸಲ ಹೋಗಿ ಉಂಡು ಬರ್ತಾನ’ ಅಂದಿದ್ದಳು. ಆಗ ನಕ್ಕಿದ್ದೆ.

ನಮ್ಮ ವೃದ್ಧಾಶ್ರಮದಲ್ಲಿ ಒಬ್ಬ ಗ್ರೀಕ್ ಅಜ್ಜಿ ಇದ್ದಾಳೆ. ಅರವತ್ತು ವರ್ಷದ ಹಿಂದೆ ಹಡಗಿನಲ್ಲಿ ಬಂದವಳು, ಕಾರ್ಖಾನೆಯಲ್ಲಿ ದುಡಿದವಳು. ನನ್ನನ್ನು ‘ಕೊರಿತ್ಸಿ ಮು’ ಅನ್ನುತ್ತಾಳೆ, ನನ್ನ ಹುಡುಗಿ ಅಂತ. ನಲವತ್ತು ದಾಟಿದ ಮೇಲೆ ಹುಡುಗಿ ಅನ್ನಿಸಿಕೊಳ್ಳುವುದು ಈ ಕೆಲಸದ ಒಂದು ಲಾಭ. ಅವಳ ಊರಲ್ಲಿ ಈಸ್ಟರ್ ಅಂದರೆ ವಸಂತ. ಇಲ್ಲಿ ಎಲೆ ಉದುರುವ ಹೊತ್ತಿಗೆ ಬರುತ್ತದೆ. ಈಗಲೂ ಮೊಟ್ಟೆಗೆ ಕೆಂಪು ಬಣ್ಣ ಹಚ್ಚುತ್ತಾಳೆ. ಮೊದಲ ವರ್ಷ ತಪ್ಪು ತಿಂಗಳು ಅನ್ನಿಸಲಿಲ್ಲವಾ ಅಂದೆ. ‘ಹತ್ತು ವರ್ಷ ಅನ್ನಿಸಿತು. ಆಮೇಲೆ ಮಕ್ಕಳಿಗೆ ಅದೇ ಸರಿ ತಿಂಗಳಾಯಿತು’ ಅಂದಳು.

2025ರ ಮೊಹರಂ ಜುಲೈ ಮೊದಲ ವಾರ ಬಂತು. ಕತ್ತಲ ರಾತ್ರಿಯಂದು, ಅಂದರೆ ಹಬ್ಬದ ಕೊನೆಯ ದಿನದ ಹಿಂದಿನ ರಾತ್ರಿ, ನನಗೆ ನೈಟ್ ಡ್ಯೂಟಿ. ಊರಲ್ಲಿ ರಾತ್ರಿ ಹನ್ನೊಂದೂವರೆ ಅಂದರೆ ಇಲ್ಲಿ ಬೆಳಗಿನ ನಾಲ್ಕು. ಬಿಡುವಿನಲ್ಲಿ ಅಣ್ಣ ವಿಡಿಯೊ ಕಾಲ್ ಮಾಡಿದ. ನಿದ್ದೆ ಬಾರದ ಅಜ್ಜಿ ಗಾಲಿಕುರ್ಚಿಯಲ್ಲಿ ಪಕ್ಕಕ್ಕೆ ಬಂದಳು. ಫೋನಿನ ತುಂಬ ಕೆಂಡ, ಹಲಗೆಯ ಸದ್ದು. ಅವ್ವ ಕುಣಿಗೆ ಮುಷ್ಟಿಗಟ್ಟಲೆ ಉಪ್ಪು ಚೆಲ್ಲುತ್ತಾ, ‘ನಿನ್ನ ಹೆಸರಿಲೆ ಹಾಕೀನ್ ಬೇ’ ಅಂದಳು. ಚಟಚಟ ಸಿಡಿಯಿತು.

‘ಇದು ಯಾವ ತಿಂಗಳ ಹಬ್ಬ?’ ಅಂದಳು ಅಜ್ಜಿ.

ಎಲ್ಲ ತಿಂಗಳಿಗೂ ಹೋಗಿ ಬರುತ್ತದೆ, ನಾನು ಈ ದೇಶಕ್ಕೆ ಬಂದ ವರ್ಷ ಆಗಸ್ಟ್‌ನಲ್ಲಿತ್ತು, ಮತ್ತೆ ಆ ದಿನಗಳಿಗೆ ಬರುವುದು 2055ಕ್ಕೆ ಅಂದೆ.

ಅಜ್ಜಿ ಬೆರಳು ಮಡಚಿ ಎಣಿಸಿದಳು. ‘ಆಗ ನಿನಗೆ?’

‘ಎಪ್ಪತ್ತನಾಲ್ಕು.’

‘ಹಾಗಾದರೆ ಈ ರೂಮು ಹಿಡಿ, ಕೊರಿತ್ಸಿ ಮು. ಕಿಟಕಿ ಉತ್ತರಕ್ಕಿದೆ, ಬಿಸಿಲು ಚೆನ್ನಾಗಿ ಬರುತ್ತದೆ’ ಅಂದಳು.